ಮಕ್ಕಳನ್ನು ಆಫೀಸರ್ ಕುರ್ಚಿಯಲ್ಲಿ ಕೂರಿಸಿದೆ: ನಿರಾಶ್ರಿತರ ಪಾಠದ ನನ್ನ ಅನುಭವ

ಚಿಂತಾಮಣಿಯಲ್ಲಿ ಡಿಗ್ರಿ ಮಕ್ಕಳಿಗೆ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಮಾನವ ಹಕ್ಕುಗಳ ಪೇಪರಿನಲ್ಲಿ ನಿರಾಶ್ರಿತರ ಅಧ್ಯಾಯ ಬಂದಾಗ ನಾವೆಲ್ಲ ಏನು ಮಾಡುತ್ತೇವೆ ಅಂತ ನಿಮಗೂ ಗೊತ್ತು. ನಿರಾಶ್ರಿತರ ಬಗ್ಗೆ ವಿಶ್ವಸಂಸ್ಥೆಯ 1951ರ ಒಪ್ಪಂದ, ಒಬ್ಬನನ್ನು ನಿರಾಶ್ರಿತ ಅನ್ನಲು ಅದು ಹೇಳುವ ಐದು ಕಾರಣಗಳು, ಭಾರತ ಸಹಿ ಹಾಕಿಲ್ಲ, ಮುಗಿಯಿತು. ಪರೀಕ್ಷೆಗೆ ಅಷ್ಟು ಸಾಕು, ನನಗೆ ಸಾಲುತ್ತಿರಲಿಲ್ಲ. ಪಾಠ ಮುಗಿದ ಮೇಲೂ ಹುಡುಗರು "ಎಲ್ಲರನ್ನೂ ಬಾರ್ಡರ್‌ನಿಂದಲೇ ಓಡಿಸ್ಬೇಕು ಸಾರ್" ಅನ್ನುತ್ತಿದ್ದರು. ಯಾಕೆ ಅಂದರೆ ಉತ್ತರ ಇಲ್ಲ. "ಪಾಪ, ಬಿಟ್ಕೋಬೇಕು" ಅನ್ನುವವರ ಹತ್ತಿರವೂ ಉತ್ತರ ಇರಲಿಲ್ಲ.

ಫೋಟೊ ತೋರಿಸಿ ನೋಡಿದೆ. 2015ರಲ್ಲಿ ಟರ್ಕಿಯ ಕಡಲ ದಡದಲ್ಲಿ ಸಿಕ್ಕ ಸಿರಿಯಾದ ಮಗು ಅಲನ್ ಕುರ್ದಿಯ ಚಿತ್ರ. ಕೆಲವರು ಕಣ್ಣು ಒರೆಸಿಕೊಂಡರು. ಮುಂದಿನ ವಾರದ ಟೆಸ್ಟಿನಲ್ಲಿ ಮತ್ತದೇ ಉತ್ತರ. ಚರ್ಚಾಸ್ಪರ್ಧೆ ಇಟ್ಟರೆ ಹತ್ತು ನಿಮಿಷದಲ್ಲಿ ಪಾರ್ಟಿ ಜಗಳ ಆಯಿತು. ಎಲ್ಲರಿಗೂ ನಿರಾಶ್ರಿತರ ಪಾತ್ರ ಕೊಟ್ಟೆ. ಸೊಗಸಾಗಿ ನಟಿಸಿದರು, ಚಪ್ಪಾಳೆ ಬಿತ್ತು, ಕಾನೂನು ಮಾತ್ರ ಯಾರ ತಲೆಗೂ ಹೋಗಲಿಲ್ಲ. ಬೈಲಕುಪ್ಪೆಗೆ ಕರೆದುಕೊಂಡು ಹೋಗಿ ಟಿಬೆಟನ್ನರ ಕ್ಯಾಂಪ್ ತೋರಿಸೋಣ ಅಂತ ಬಸ್ ವಿಚಾರಿಸಿದೆ. ಮೂವತ್ತು ಸಾವಿರದ ಆಸುಪಾಸು ಹೇಳಿದರು. ನಮ್ಮ ಮಕ್ಕಳ ಮನೆಗಳಲ್ಲಿ ಆ ದುಡ್ಡು ಎಲ್ಲಿಂದ ಬರಬೇಕು?

ಆಮೇಲೆ ಆಟವನ್ನೇ ತಿರುಗಿಸಿದೆ. ಅರ್ಜಿದಾರ ಒಬ್ಬನೇ ಸಾಕು, ಉಳಿದ ನಲವತ್ತು ಚಿಲ್ಲರೆ ಮಕ್ಕಳೂ ಬಾರ್ಡರಿನ ಆಫೀಸರ್‌ಗಳು. ಬಿಟ್ಟುಕೊಳ್ಳಬೇಕೋ ಬೇಡವೋ, ನೀವೇ ಹೇಳಿ. ಕಾರಣ ಬರೆದು ಕೊಡಿ. ಸಹೋದ್ಯೋಗಿಗಳು ಬೇಡವೇ ಬೇಡ ಅಂದರು. "ಅಧಿಕಾರ ಕೊಟ್ರೆ ಹುಡುಗರು ಇನ್ನೂ ಒರಟಾಗ್ತಾರೆ, ನೋಡ್ತಿರಿ" ಅಂದರು. ಆಗಿದ್ದು ಅದಕ್ಕೆ ತದ್ವಿರುದ್ಧ.

ಕೇಸ್ ಫೈಲ್ ನಾನೇ ಬರೆದೆ. ಅರ್ಜಿದಾರ ಆಫ್ರಿಕಾದ ಎರಿಟ್ರಿಯಾ ದೇಶದ ಯುವಕ, ಸೈನ್ಯದಿಂದ ತಪ್ಪಿಸಿಕೊಂಡು ಬಂದವನು. ಅಲ್ಲಿ ಕಡ್ಡಾಯ ಸೇವೆ ಕಾಗದದ ಮೇಲೆ 18 ತಿಂಗಳು, ನಿಜದಲ್ಲಿ ಕೊನೆಯೇ ಇಲ್ಲ. "ಸೈನ್ಯ ಬಿಟ್ಟು ಓಡಿ ಬಂದವನು ಹೇಡಿ ಅಲ್ವಾ ಸಾರ್?" ಅನ್ನುವ ಪ್ರಶ್ನೆ ಮೊದಲ ಗಂಟೆಯಲ್ಲೇ ಬಂತು. ನಾನು ಬಾಯಿ ಬಿಡಲಿಲ್ಲ. ಹೇಡಿಯೋ ಅಲ್ಲವೋ ಅಂತ ಒಪ್ಪಂದ ಕೇಳುವುದಿಲ್ಲ, ವಾಪಸ್ ಕಳಿಸಿದರೆ ಇವನಿಗೆ ಏನಾಗುತ್ತದೆ ಅಂತ ಕೇಳುತ್ತದೆ. ಜೀವಕ್ಕೆ ಅಪಾಯ ಇರುವ ಕಡೆಗೆ ನಿರಾಶ್ರಿತರನ್ನು ವಾಪಸ್ ಕಳಿಸಬಾರದು ಅನ್ನುವ ಒಪ್ಪಂದದ 33ನೇ ವಿಧಿ ಓದಿಕೊಂಡು ಇನ್ನೊಬ್ಬ ಹುಡುಗಿಯೇ ಅದನ್ನು ಹೇಳಿದಳು.

ಫೈಲಿನಲ್ಲಿ ಬೇಕಂತಲೇ ದಿನಾಂಕಗಳು ಹೊಂದದ ಹಾಗೆ ಮಾಡಿದ್ದೆ. ಜೈಲಿಗೆ ಹಾಕಿದ್ದು ಒಂದು ಕಡೆ ಮಾರ್ಚ್, ಇನ್ನೊಂದು ಕಡೆ ಜೂನ್. ಎಲ್ಲರೂ "ಸುಳ್ಳುಗಾರ" ಅಂತ ಅದನ್ನೇ ಹಿಡಿದರು. ನಿಜವಾದ ಇಂಟರ್ವ್ಯೂಗಳಲ್ಲೂ ಅರ್ಜಿ ಬಿದ್ದುಹೋಗುವುದು ಜಾಸ್ತಿ ಇಂಥ ಜಾಗದಲ್ಲೇ. ಅವತ್ತು ಸಂಜೆ ಒಂದು ಹೋಂವರ್ಕ್ ಕೊಟ್ಟೆ. ನಿಮ್ಮ ಮನೆಯ ಬೋರ್‌ವೆಲ್ ಫೇಲ್ ಆಗಿದ್ದು ಯಾವ ವರ್ಷ, ಯಾವ ತಿಂಗಳು? ಅಪ್ಪನನ್ನು ಬೇರೆ ಕೇಳಿ, ಅಮ್ಮನನ್ನು ಬೇರೆ ಕೇಳಿ. ನಮ್ಮ ಕಡೆ ಫೇಲ್ ಆದ ಬೋರ್ ಇಲ್ಲದ ಮನೆ ಅಪರೂಪ. ಸಾವಿರದ ಮುನ್ನೂರು ಅಡಿ ಕೊರೆಸಿ, ಮೂರು ನಾಲ್ಕು ಲಕ್ಷ ಸಾಲ ಹೊತ್ತ ದಿನವನ್ನು ಯಾರು ತಾನೇ ಮರೆಯುತ್ತಾರೆ? ಮಾರನೇ ದಿನ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಅಪ್ಪ ಅಮ್ಮನ ಲೆಕ್ಕ ಹೊಂದಲಿಲ್ಲ. ಕೆಲವು ಕಡೆ ವರ್ಷವೇ ಬೇರೆ. ಅಮ್ಮ ಸುಳ್ಳು ಹೇಳಿದರೇ ಅಂತ ಕೇಳಿದೆ, ಅಷ್ಟೇ. ಆಫೀಸರ್‌ಗಳು ಸುಮ್ನೆ ಫೈಲ್ ಎಳೆದುಕೊಂಡು ಮತ್ತೆ ಮೊದಲಿನಿಂದ ಓದಲು ಕೂತರು.

ರಬ್ಬರ್ ಸ್ಟಾಂಪಿನ ಪ್ರಯೋಗವೂ ಆಯಿತು. "ಅಂಗೀಕಾರ", "ತಿರಸ್ಕಾರ" ಅಂತ ಎರಡು ಮಾಡಿಸಿದೆ, ಮುನ್ನೂರು ರೂಪಾಯಿ ಹೋಯಿತು. ಸ್ಟಾಂಪ್ ಕೈಗೆ ಬಂದ ಕೂಡಲೇ ಐದು ನಿಮಿಷಕ್ಕೊಂದು ಫೈಲ್ ಮುಗಿಯತೊಡಗಿತು, ಟಪ್ ಟಪ್ ಅಂತ. ಕಿತ್ತುಕೊಂಡು ಬೀರುವಿಗೆ ಹಾಕಿದೆ. ಕೈಬರಹದಲ್ಲಿ ಅರ್ಧ ಪುಟ ಕಾರಣ ಬರೆಯಬೇಕು, ಅದನ್ನು ಇನ್ನೊಬ್ಬರು ಮೇಲ್ಮನವಿಯಲ್ಲಿ ಓದುತ್ತಾರೆ ಅಂದ ಮೇಲೆ ಪೆನ್ನು ನಿಧಾನವಾಯಿತು. ಇಡೀ ವಿಧಾನ ನಿಂತಿರುವುದೇ ಈ ಅರ್ಧ ಪುಟದ ಮೇಲೆ.

ಇನ್ನೊಂದು ಹಾಳೆ ಇದೆ, ಮೂರನೇ ಗಂಟೆಯಲ್ಲಿ ಫೈಲಿಗೆ ಸೇರಿಸುತ್ತೇನೆ. ಅದರಲ್ಲಿ ಏನಿದೆ ಅಂತ ಹೇಳುವುದಿಲ್ಲ. ಮುಂದಿನ ಬ್ಯಾಚಿನ ಮಕ್ಕಳೂ ಇದನ್ನು ಓದುತ್ತಾರೆ.

ನಡುವೆ ಅಮೆರಿಕದ ಆ್ಯಪ್ ಕಥೆಯನ್ನೂ ಆಡಿಸಿದೆ. ಮೆಕ್ಸಿಕೊ ಗಡಿಯಲ್ಲಿ 2023ರ ಜನವರಿಯಿಂದ ಆಶ್ರಯ ಕೇಳಿ ಬಂದವರಲ್ಲಿ ಸಿಬಿಪಿ ಒನ್ ಅನ್ನುವ ಸರ್ಕಾರಿ ಆ್ಯಪ್‌ನಲ್ಲಿ ಸಮಯ ಸಿಕ್ಕವರನ್ನು ಒಳಗೆ ಕರೆಯುತ್ತಿದ್ದರು. ಆ ವರ್ಷದ ನಡುವಿನಿಂದ ದಿನಕ್ಕೆ 1,450 ಮಂದಿಗೆ ಅವಕಾಶ. 2025ರ ಜನವರಿ 20ರಂದು ಅದನ್ನು ನಿಲ್ಲಿಸಿ, ಆಗಲೇ ಸಿಕ್ಕಿದ್ದ ದಿನಾಂಕಗಳನ್ನೂ ರದ್ದು ಮಾಡಿದರು. ನಾನು ಗೂಗಲ್ ಫಾರ್ಮ್‌ನಲ್ಲಿ ಐದೇ ಸ್ಲಾಟ್ ಇಟ್ಟು ಬೆಳಗ್ಗೆ ಆರಕ್ಕೆ ತೆರೆದೆ. ಐದೂ ಟೌನಿನ ಮಕ್ಕಳ ಪಾಲಾದವು. ಹಳ್ಳಿ ಕಡೆಯವರಿಗೆ ನೆಟ್‌ವರ್ಕ್ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

"ನಮ್ಮ ದೇಶದಲ್ಲಿ ಹೇಗೆ ಸಾರ್?" ಅಂತ ಅವರಾಗಿಯೇ ಕೇಳಿದರು. ನನಗೆ ಬೇಕಿದ್ದುದೂ ಅದೇ. 1946ರ ವಿದೇಶಿಯರ ಕಾಯ್ದೆಯಲ್ಲಿ ನಿರಾಶ್ರಿತ ಅನ್ನುವ ವರ್ಗವೇ ಇರಲಿಲ್ಲ. ಅದರ ಜಾಗಕ್ಕೆ ಬಂದ 2025ರ ಕಾಯ್ದೆಯಲ್ಲೂ ಆಶ್ರಯ ಕೇಳುವುದಕ್ಕೆ ಒಂದು ದಾರಿ ಮಾಡಿಲ್ಲ. ಆದರೆ ಅರುಣಾಚಲದಲ್ಲಿದ್ದ ಚಕ್ಮಾ ನಿರಾಶ್ರಿತರ 1996ರ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಜೀವಿಸುವ ಹಕ್ಕು ಕೊಡುವ ನಮ್ಮ ಸಂವಿಧಾನದ 21ನೇ ವಿಧಿ ನಾಗರಿಕರಲ್ಲದವರನ್ನೂ ಕಾಯುತ್ತದೆ ಅಂದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟೆ. ಆ ದಿನ ಬೆಲ್ ಆದರೂ ಯಾರೂ ಏಳಲಿಲ್ಲ. ನನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ ಹಾಗೆ ಆಗಿದ್ದು ಕಡಿಮೆ.

ಕೊನೆಗೆ ಸುಮಾರು ಅರ್ಧ ಮಂದಿ ಆಶ್ರಯ ಕೊಟ್ಟರು, ಕಾಲು ಭಾಗ ತಿರಸ್ಕರಿಸಿದರು, ಉಳಿದವರು ಇನ್ನೊಮ್ಮೆ ಇಂಟರ್ವ್ಯೂ ಬೇಕು ಅಂದರು. ತಿರಸ್ಕರಿಸಿದವರ ಮೇಲೆ ನನಗೆ ಬೇಸರವಿಲ್ಲ. ಅವರಲ್ಲಿ ಇಬ್ಬರ ಅರ್ಧ ಪುಟ ಇಡೀ ಕ್ಲಾಸಿಗೇ ಚೆನ್ನಾಗಿತ್ತು. ಬೇಡ ಅಂದಿದ್ದ ಸಹೋದ್ಯೋಗಿಯೊಬ್ಬರು ಈಗ ನನ್ನ ಫೈಲನ್ನೇ ತಮ್ಮ ಕ್ಲಾಸಿಗೆ ಜೆರಾಕ್ಸ್ ಮಾಡಿಸಿಕೊಂಡಿದ್ದಾರೆ. ಜೆರಾಕ್ಸ್, ಟೀ, ಬನ್ನು, ಸ್ಟಾಂಪ್ ಎಲ್ಲ ಸೇರಿ ಮೂರು ಸಾವಿರದ ಒಳಗೆ ಮುಗಿಯಿತು. ನನ್ನ ಜೇಬಿನದೇ ದುಡ್ಡು.

ಈ ವರ್ಷ ಹಿರ್ಸಿ ಕೇಸ್ ಮಾಡಬೇಕು ಅಂತಿದ್ದೇನೆ. 2009ರಲ್ಲಿ ಇಟಲಿ ನಡುಗಡಲಲ್ಲಿ ಹಿಡಿದ ಜನರನ್ನು ಸೀದಾ ಲಿಬಿಯಾಗೆ ವಾಪಸ್ ಬಿಟ್ಟಿತು, ಅದು ತಪ್ಪು ಅಂತ 2012ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪು ಕೊಟ್ಟಿತು. ಅಲ್ಲಿ ಯಾರನ್ನೂ ಕೂರಿಸಿ ಕೇಳಲೇ ಇಲ್ಲ. ಇಂಟರ್ವ್ಯೂ ಇಲ್ಲದ ಕೇಸಿಗೆ ಆಫೀಸರ್ ಕುರ್ಚಿಯನ್ನು ಎಲ್ಲಿ ಹಾಕುವುದು ಅನ್ನುವುದಷ್ಟೇ ಇನ್ನೂ ಬಗೆಹರಿದಿಲ್ಲ.