ಜಗಳವಿಲ್ಲದ ಡಿವೋರ್ಸ್: ಮೊದಲು ಲೆಕ್ಕ, ಆಮೇಲೆ ಲಾಯರು

ಮ್ಯೂಚುವಲ್ ಕನ್ಸೆಂಟ್, ಅಂದರೆ ಗಂಡ ಹೆಂಡತಿ ಇಬ್ಬರೂ ಒಪ್ಪಿ ಪಡೆಯುವ ಡಿವೋರ್ಸ್, ನಿಮ್ಮಿಬ್ಬರಿಗೆ ಆಗುವ ಮಾತಲ್ಲ ಅಂದವರೇ ಜಾಸ್ತಿ. ದೊಡ್ಡಪ್ಪ ಅಂದರು, ಅಣ್ಣ ಅಂದ. ಮೊದಲು ನೋಡಿದ ಲಾಯರು ಕಡ್ಡಿ ಮುರಿದ ಹಾಗೆ ಹೇಳಿದರು: "ಮೊದಲು ಒಂದು ಕ್ರಿಮಿನಲ್ ಕೇಸ್ ಹಾಕಿಬಿಡಿ, ತಾವಾಗೇ ದಾರಿಗೆ ಬರ್ತಾರೆ." ನಾನು ಹಾಕಲಿಲ್ಲ. ಅರ್ಜಿ ಕೊಟ್ಟು ಮೂರು ತಿಂಗಳ ಒಳಗೆ ಡಿಕ್ರಿ (ಡಿವೋರ್ಸ್ ಕೊಟ್ಟ ಕೋರ್ಟಿನ ಆದೇಶ) ಕೈಗೆ ಬಂತು. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಪ್ರಕಾರ ಇಬ್ಬರೂ ಸೇರಿ ಅರ್ಜಿ ಕೊಡುವುದು ಫಸ್ಟ್ ಮೋಷನ್, ಆರು ತಿಂಗಳು ಕಾದು ಮತ್ತೆ ಒಪ್ಪಿಗೆ ಹೇಳುವುದು ಸೆಕೆಂಡ್ ಮೋಷನ್. ಅದನ್ನು ಬಿಟ್ಟು ನಾನು ಏನು ಮಾಡಿದೆ ಅಂತ ಬರೆಯುತ್ತೇನೆ.

ಮೊದಲು ಹಿರಿಯರನ್ನು ಕೂರಿಸಿ ನೋಡಿದೆವು. ನಡೆಯಲಿಲ್ಲ. ಹತ್ತು ಜನ ಸೇರಿದ ಕಡೆ ಮಾತು ದುಡ್ಡಿನಿಂದ ಶುರುವಾಗುತ್ತದೆ, ಮದುವೆ ದಿನ ಯಾರಿಗೆ ಮರ್ಯಾದೆ ಕಡಿಮೆಯಾಯಿತು ಅನ್ನುವಲ್ಲಿಗೆ ಹೋಗಿ ನಿಲ್ಲುತ್ತದೆ. ಆಮೇಲೆ ನನ್ನ ಗಂಡನ ಸೋದರಮಾವ ಛಾಪಾ ಕಾಗದದ ಮೇಲೆ ಬಿಡುಗಡೆ ಪತ್ರ ಬರೆಸಿಕೊಂಡು ಬಂದರು. ಇಬ್ಬರೂ ಸಹಿ ಹಾಕಿ ನೋಟರಿ ಮಾಡಿಸಿದರೆ ಮುಗೀತು ಅಂದರು. ನಮ್ಮಲ್ಲಿ ಹಾಗೆ ಬಿಡುಗಡೆ ಮಾಡುವ ರೂಢಿಯೇ ಇಲ್ಲ. ಆ ಕಾಗದ ನಂಬಿಕೊಂಡು ನನ್ನ ಗಂಡ ಇನ್ನೊಂದು ಮದುವೆ ಆದರೆ ಅದು ಅಪರಾಧ. ಅದನ್ನು ನಾನೇ ಅವರಿಗೆ ಬಿಡಿಸಿ ಹೇಳಿದೆ. ಸುಮ್ಮನಾದರು.

ಕೊನೆಗೆ ನಾನು, ನನ್ನ ಗಂಡ, ಇಬ್ಬರೇ ಕೂತೆವು. ಅವರ ಆಫೀಸಿನ ಹತ್ತಿರ ಒಂದು ದರ್ಶಿನಿ, ಮಧ್ಯಾಹ್ನ ಮೂರರ ಹೊತ್ತು, ಜನ ಇರಲ್ಲ. ಅವರನ್ನು ಒಬ್ಬರೇ ಬರುವ ಹಾಗೆ ಹೇಗೆ ಒಪ್ಪಿಸಿದೆ ಅನ್ನೋದು ನನ್ನಲ್ಲೇ ಇರಲಿ. ಒಂದು ನೋಟ್‌ಬುಕ್ ತೆಗೆದು, "ಎಣಿಸೋಕೆ ಆಗೋದನ್ನ ಮಾತ್ರ ಮಾತಾಡೋಣ, ಬೇರೆ ಏನೂ ಬೇಡ" ಅಂದೆ. ಚಿನ್ನ, ದುಡ್ಡು, ಕಾಗದ ಪತ್ರ ಮೂರೇ ಬರೆದೆವು. ಇಷ್ಟು ವರ್ಷದಲ್ಲಿ ನಾವು ಜಗಳವಿಲ್ಲದೆ ಅಷ್ಟು ಹೊತ್ತು ಮಾತಾಡಿದ್ದು ಅವತ್ತೇ ಇರಬೇಕು.

ಚಿನ್ನದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಹೆಚ್ಚಿನವರದ್ದು ಕೆಡುವುದು ಇಲ್ಲೇ. ಒಡವೆ ಅತ್ತೆಯ ಲಾಕರಿನಲ್ಲಿತ್ತು. ನಮ್ಮಮ್ಮ ನೂರೈವತ್ತು ಗ್ರಾಂ ಅಂದರು, ಅತ್ತೆ ನೂರಿಪ್ಪತ್ತು ದಾಟಲ್ಲ ಅಂದರು. ಬಾಯಿ ಮಾತು ಬೇಡ ಅಂತ ಇಬ್ಬರನ್ನೂ ಕರೆದುಕೊಂಡು ಒಂದು ಅಂಗಡಿಗೆ ಹೋದೆ. ಬಳೆ, ಲಾಂಗ್ ಚೈನ್, ಜುಮುಕಿ, ಉಂಗುರ, ಒಂದೊಂದನ್ನೇ ತೂಕಕ್ಕೆ ಇಡಿಸಿದೆ. ಕಲ್ಲಿನ ತೂಕ ಕಳೆದು, ಚೀಟಿಯಲ್ಲಿ ಬರೆಸಿದೆ. 135ರ ಆಸುಪಾಸು ಬಂತು. ಇಬ್ಬರೂ ಚೀಟಿಗೆ ಸಹಿ ಹಾಕಿದರು. ತೌರುಮನೆ ತಾಳಿ ನನಗೆ, ಅತ್ತೆ ಮನೆ ತಾಳಿ, ಗುಂಡು ಅವರಿಗೆ. ಅಲ್ಲಿಗೆ ಅರ್ಧ ಡಿವೋರ್ಸ್ ಆಗಿತ್ತು.

ದುಡ್ಡು ನಾನು ಹದಿನೈದು ಲಕ್ಷ ಕೇಳಿದ್ದೆ, ಅವರು ಐದಕ್ಕೆ ನಿಂತಿದ್ದರು. ನಮ್ಮ ಕಡೆಯ ಮದುವೆ ಖರ್ಚು, ಕಾರಿಗೆ ನನ್ನ ಸಂಬಳದಿಂದ ಹೋದ ಹಣ, ಎರಡಕ್ಕೂ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟೆ. ಒಂಬತ್ತು ಚಿಲ್ಲರೆಗೆ ನಿಂತಿತು.

ಈಗ ಆ ದುಡ್ಡಿನ ಡಿಡಿ (ಬ್ಯಾಂಕಿನ ಡಿಮ್ಯಾಂಡ್ ಡ್ರಾಫ್ಟ್). ಡಿಕ್ರಿ ಆಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತಗೋಬಹುದು. 1991ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಅದಕ್ಕೆ ಪೂರ್ತಿ ದುಡ್ಡು ಮೊದಲೇ ಕೊಡಲು ಅವರಿಗೆ ಭಯ, ಕೊನೆಗೆ ತಗೊಳ್ಳಲು ನನಗೆ ಭಯ. ಅರ್ಧ ಫಸ್ಟ್ ಮೋಷನ್ ದಿನ, ಅರ್ಧ ಸೆಕೆಂಡ್ ಮೋಷನ್ ದಿನ, ಎರಡೂ ಕೋರ್ಟಿನ ಎದುರೇ ಅಂತ ಬರೆಸಿದೆವು. ಎರಡನೇ ಡಿಡಿಯನ್ನು ಮೊದಲೇ ಮಾಡಿಸಿಟ್ಟರೆ ಕೆಲಸಕ್ಕೆ ಬರಲ್ಲ. ಡಿಡಿಗೆ ಮೂರೇ ತಿಂಗಳು ಆಯಸ್ಸು. ನನ್ನ ಗೆಳತಿಯೊಬ್ಬಳಿಗೆ ಹೀಗೇ ಆಗಿ ಒಂದು ಡೇಟ್ ಹಾಳಾಯಿತು. ನಮ್ಮದನ್ನು ಆ ವಾರವೇ ಮಾಡಿಸಿದ್ದು.

ಎರಡು ಮೋಷನ್ ನಡುವಿನ ಆರು ತಿಂಗಳ ಕಾಯುವಿಕೆಯನ್ನು ಬಿಡಿಸಿಕೊಂಡಿದ್ದೇ ನನಗೆ ಹೆಮ್ಮೆ. "ಜಿಲ್ಲೆಗಳಲ್ಲಿ ಅದೆಲ್ಲ ಕೊಡಲ್ಲಮ್ಮ" ಅಂತ ಮೊದಲ ಲಾಯರು ಕೈ ಆಡಿಸಿದ್ದರು. ಈ ಕಾಯುವಿಕೆಯನ್ನು ಕೋರ್ಟ್ ಬಿಟ್ಟುಕೊಡಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದ 2017ರ ಅಮರ್‌ದೀಪ್ ಸಿಂಗ್ ತೀರ್ಪಿನ ಪ್ರಿಂಟ್ ತಗೊಂಡು ಎರಡನೇ ಲಾಯರ ಹತ್ತಿರ ಹೋದೆ. ಆ ತೀರ್ಪಿನ ಪ್ರಕಾರ ಅರ್ಜಿಗೆ ಮುಂಚೆಯೇ ಒಂದೂವರೆ ವರ್ಷ ಬೇರೆ ಇರಬೇಕು, ಮತ್ತೆ ಒಂದು ಮಾಡಿಸುವ ಪ್ರಯತ್ನ ನಡೆದು ವಿಫಲವಾಗಿರಬೇಕು, ಕೊಡು ಕೊಳ್ಳುವುದೆಲ್ಲ ತೀರ್ಮಾನ ಆಗಿರಬೇಕು. ನಾನು ಮೈಸೂರಿಗೆ ಬಂದು ಎರಡು ವರ್ಷ ದಾಟಿತ್ತು. ಬಾಡಿಗೆ ಕರಾರು, ನನ್ನ ಹೆಸರಿನ ಗ್ಯಾಸ್ ಕನೆಕ್ಷನ್, ಬದಲಾಯಿಸಿದ ಆಧಾರ್ ವಿಳಾಸ, ಎಲ್ಲ ಲಗತ್ತಿಸಿದೆ. ಮೀಡಿಯೇಷನ್‌ನಲ್ಲಿ (ಮಧ್ಯಸ್ಥರ ಮುಂದೆ ಮಾತುಕತೆ) ಕೂತೆವು, ನಮ್ಮ ಪಟ್ಟಿಯೇ ಅಲ್ಲಿ ಒಪ್ಪಂದವಾಯಿತು. ಅಫಿಡವಿಟ್‌ನಲ್ಲಿ ಒಂದು ಪ್ಯಾರಾ ನಾನೇ ಬರೆದದ್ದು. ಅದನ್ನು ಇಲ್ಲಿ ಹಾಕಲ್ಲ, ನಿಮ್ಮದನ್ನು ನೀವೇ ಬರೆಯಬೇಕು. ಜಡ್ಜ್ ಇಬ್ಬರನ್ನೂ ಬೇರೆ ಬೇರೆ ಕೇಳಿದರು: ಯಾರದ್ದಾದರೂ ಒತ್ತಡ ಇದೆಯಾ, ಇನ್ನೊಮ್ಮೆ ಯೋಚನೆ ಮಾಡ್ತೀರಾ? ಇಬ್ಬರದ್ದೂ ಒಂದೇ ಉತ್ತರ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಪೂರ್ತಿ ಅರ್ಜಿಯನ್ನು ಕನ್ನಡದಲ್ಲೇ ಬರೆದು ಕೊಟ್ಟೆ. ಲಾಯರಿಗೆ ಇಂಗ್ಲಿಷ್ ಡ್ರಾಫ್ಟೇ ಕೈಗೆ ಹತ್ತಿದ್ದು, ಅದನ್ನೇ ಹಾಕಿದರು. ಆದರೆ ನನ್ನ ಕನ್ನಡದ ಷರತ್ತುಗಳ ಪ್ರತಿ ಬೇರೆ ಕಡೆ ಉಪಯೋಗಕ್ಕೆ ಬಂತು. ಮಾವ ಅದನ್ನು ಎರಡು ಸಲ ಓದಿ, "ಇದರಲ್ಲಿ ಮೋಸ ಇಲ್ಲ, ಸಹಿ ಹಾಕು" ಅಂತ ಮಗನಿಗೆ ಹೇಳಿದರಂತೆ. ಅರ್ಥವಾಗದ ಕಾಗದ ಮನೆಯ ಹಿರಿಯರನ್ನು ಹೆದರಿಸುತ್ತದೆ, ಅಲ್ವಾ?

ಖರ್ಚು? ಮೊದಲ ಲಾಯರು ಒಂದೂವರೆ ಲಕ್ಷ ಹೇಳಿ, ಡೇಟಿಗೆ ಇಷ್ಟು ಅಂತ ಬೇರೆ ಕೇಳಿದ್ದರು. ಎರಡನೆಯವರು ಇಬ್ಬರಿಗೂ ಸೇರಿ ಮೂವತ್ತೈದು ಸಾವಿರಕ್ಕೆ ಒಪ್ಪಿದರು, ನಾವು ಸಮ ಹಂಚಿಕೊಂಡೆವು. ಟೈಪಿಂಗ್, ನೋಟರಿ, ಝೆರಾಕ್ಸ್ ಎಲ್ಲ ಎರಡು ಮೂರು ಸಾವಿರ. ಕೋರ್ಟ್ ಫೀ ಲೆಕ್ಕಕ್ಕೇ ಇಲ್ಲ. ಅರ್ಜಿ ಒಂದು ಸಲ ಆಬ್ಜೆಕ್ಷನ್ ಬಿದ್ದು ವಾಪಸ್ ಬಂತು. ಆಧಾರ್‌ನಲ್ಲಿ ಅಪ್ಪನ ಹೆಸರಿನ ಇನಿಷಿಯಲ್, ಲಗ್ನಪತ್ರಿಕೆಯಲ್ಲಿ ಬರೀ ಹೆಸರು. ಎರಡೂ ಹೆಸರು ಒಬ್ಬರದ್ದೇ ಅಂತ ಒಂದು ಅಫಿಡವಿಟ್ ಕೊಟ್ಟ ಮೇಲೆ ಅರ್ಜಿಗೆ ಕೇಸ್ ನಂಬರ್ ಆಯಿತು.

ಡಿಕ್ರಿಯ ಸರ್ಟಿಫೈಡ್ ಕಾಪಿಗೆ ಹಾಕುವಾಗ ಒಟ್ಟಿಗೇ ನಾಲ್ಕೈದು ಕೇಳಿ. ಬ್ಯಾಂಕು, ಎಲ್ಐಸಿ, ಆಫೀಸು, ಒಬ್ಬೊಬ್ಬರೂ ಕೇಳುತ್ತಾರೆ. ನಾಮಿನಿ ಬದಲಾಯಿಸುವ ಕೆಲಸ ಅದೇ ವಾರ ಮುಗಿಸಿ, ಡಿಕ್ರಿ ಬಂದರೆ ಅದು ತಾನಾಗೇ ಬದಲಾಗಲ್ಲ. "ತೊಂಬತ್ತು ದಿನ ಅಪೀಲಿಗೆ ಕಾಯಬೇಕು" ಅಂತ ಅಣ್ಣ ಕೊನೆಗೂ ಒಂದು ತಕರಾರು ತೆಗೆದ. ಫ್ಯಾಮಿಲಿ ಕೋರ್ಟ್ ಕಾಯ್ದೆಯ 19(2) ತೋರಿಸಿದೆ. ಇಬ್ಬರೂ ಒಪ್ಪಿ ಪಡೆದ ಡಿಕ್ರಿಗೆ ಅಪೀಲೇ ಇಲ್ಲ. ಈಗ ಯಾರಾದರೂ ಇಂಥ ಕಷ್ಟ ಹೇಳಿಕೊಂಡರೆ ಅವನೇ ನನ್ನ ನಂಬರ್ ಕೊಡುತ್ತಾನೆ.