ಕಣ್ಣಿನ ಕುರುಡು ಚುಕ್ಕೆಯನ್ನು ಕಾಗದದ ಮೇಲೆ ಗುರುತಿಸುವ ಬಗೆ

ಯಾವ ದೋಷವೂ ಇಲ್ಲದ ಕಣ್ಣಿನ ನೋಟದಲ್ಲಿಯೂ ಏನೂ ಕಾಣಿಸದ ಒಂದು ಜಾಗವಿರುತ್ತದೆ. ಫ್ರಾನ್ಸಿನ ವಿಜ್ಞಾನಿ ಎಡ್ಮೆ ಮಾರಿಯೊಟ್ 1660ರ ದಶಕದಲ್ಲಿ ಇದನ್ನು ಪತ್ತೆಹಚ್ಚಿದನು. ಅಷ್ಟು ದೊಡ್ಡ ಜಾಗ ಅಲ್ಲಿಯವರೆಗೆ ಯಾರ ಗಮನಕ್ಕೂ ಬಾರದಿದ್ದುದಕ್ಕೆ ಕಾರಣ ಕಣ್ಣಿನಲ್ಲಿಲ್ಲ, ಮಿದುಳಿನಲ್ಲಿದೆ. ಒಂದು ಬಿಳಿ ಹಾಳೆ, ಸ್ಕೇಲು ಮತ್ತು ಕಪ್ಪು ಸ್ಕೆಚ್ ಪೆನ್ನು ಇದ್ದರೆ ಎರಡನ್ನೂ ಮನೆಯಲ್ಲಿಯೇ ಪರೀಕ್ಷಿಸಬಹುದು.

ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಂಡು ಎಡಭಾಗದಲ್ಲಿ ಸಣ್ಣದೊಂದು ಕೂಡಿಸುವ ಚಿಹ್ನೆಯನ್ನು ಬರೆಯಿರಿ. ಅದರ ನೇರಕ್ಕೆ, 8 ಸೆಂ.ಮೀ. ಬಲಕ್ಕೆ, 1 ಸೆಂ.ಮೀ. ಅಗಲದ ಕಪ್ಪು ಚುಕ್ಕೆಯನ್ನು ತುಂಬಿ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಳ್ಳಿ. ರೆಪ್ಪೆ ಬಿಗಿದು ಮುಚ್ಚಿದರೆ ಬಲಗಣ್ಣೂ ಕಿರಿದಾಗುತ್ತದೆ. ಹಾಳೆಯನ್ನು ಅರ್ಧ ಮೀಟರ್ ದೂರದಲ್ಲಿ ಹಿಡಿದು, ಬಲಗಣ್ಣಿನ ದೃಷ್ಟಿಯನ್ನು ಚಿಹ್ನೆಯ ಮೇಲೆಯೇ ನೆಟ್ಟು, ನಿಧಾನವಾಗಿ ಹತ್ತಿರ ತನ್ನಿ. ಸುಮಾರು 30 ಸೆಂ.ಮೀ. ದೂರದಲ್ಲಿ ಚುಕ್ಕೆ ಮಾಯವಾಗುತ್ತದೆ, ಇನ್ನೂ ಹತ್ತಿರ ತಂದರೆ ಮತ್ತೆ ಕಾಣಿಸಿಕೊಳ್ಳುತ್ತದೆ. ಮಾಯವಾಗದಿದ್ದರೆ ನಿಮ್ಮ ದೃಷ್ಟಿ ನಿಮಗರಿವಿಲ್ಲದೆಯೇ ಚುಕ್ಕೆಯ ಕಡೆಗೆ ಜಾರಿರುವ ಸಾಧ್ಯತೆಯೇ ಹೆಚ್ಚು.

ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಮತ್ತು ಮಸೂರದ ಮೂಲಕ ಬಂದ ಬೆಳಕು, ಕಣ್ಣಿನ ಹಿಂಭಾಗದ ಒಳಪರದೆಯಾದ ಅಕ್ಷಿಪಟಲದ ಮೇಲೆ ತಲೆಕೆಳಗಾದ ಬಿಂಬವನ್ನು ಮೂಡಿಸುತ್ತದೆ. ಬೆಳಕನ್ನು ಗ್ರಹಿಸುವ ದಂಡಕೋಶ ಮತ್ತು ಶಂಕುಕೋಶಗಳು ಆ ಪಟಲದ ಹಿಂಬದಿಯಲ್ಲಿದ್ದು, ಅವುಗಳ ಸುದ್ದಿಯನ್ನು ಸಾಗಿಸುವ ನರತಂತುಗಳು ಮುಂಬದಿಯಲ್ಲಿವೆ. ಹೀಗಾಗಿ ಸುಮಾರು 10 ಲಕ್ಷ ತಂತುಗಳು ಒಂದೆಡೆ ಸೇರಿ, ಪಟಲವನ್ನು ತೂರಿಕೊಂಡು, ದೃಷ್ಟಿನರವಾಗಿ ಹೊರಬೀಳಬೇಕಾಗುತ್ತದೆ. ಆ ನಿರ್ಗಮನದ ಜಾಗದಲ್ಲಿ ಎರಡೂ ಬಗೆಯ ಕೋಶಗಳಿಲ್ಲ. ಅದು ಪಟಲದ ನಡುವಿನಿಂದ ಮೂಗಿನ ಬದಿಗಿದೆ. ಬಿಂಬವು ತಿರುವುಮುರುವಾಗುವುದರಿಂದ ಕಾಣದ ಜಾಗವು ನೋಟದಲ್ಲಿ ಕಿವಿಯ ಬದಿಗೆ ಬೀಳುತ್ತದೆ. ಬಲಗಣ್ಣಿಗೆ ಚುಕ್ಕೆಯನ್ನು ಬಲಕ್ಕೆ ಹಾಕಿದ್ದು ಇದಕ್ಕಾಗಿಯೇ. ಆಕ್ಟೋಪಸ್‌ನ ಕಣ್ಣಿನಲ್ಲಿ ತಂತುಗಳು ಹಿಂಬದಿಯಿಂದಲೇ ಹೊರಡುವುದರಿಂದ ಅದಕ್ಕೆ ಈ ತೊಡಕೇ ಇಲ್ಲ.

ಚುಕ್ಕೆ ಮಾಯವಾದ ಜಾಗದಲ್ಲಿ ನಿಮಗೆ ಏನು ಕಂಡಿತೆಂಬುದನ್ನು ಈಗ ಗಮನಿಸಿ. ಅಲ್ಲಿ ಕಪ್ಪು ತೂತಾಗಲಿ, ಮಸುಕಾದ ಕಲೆಯಾಗಲಿ ಇರಲಿಲ್ಲ, ಬರೀ ಬಿಳಿ ಕಾಗದವಿತ್ತು. ಇದೇ ಅಳತೆಯನ್ನು ಹಳದಿ ಹಾಳೆಯ ಮೇಲೆ ಬರೆದು ನೋಡಿದರೆ ಆ ಜಾಗ ಹಳದಿಯಾಗಿಯೇ ಕಾಣುತ್ತದೆ. ಇನ್ನೊಂದು ಹಾಳೆಯಲ್ಲಿ ಚುಕ್ಕೆಯ ಬದಲು 12 ಸೆಂ.ಮೀ. ಉದ್ದದ ದಪ್ಪ ಗೆರೆಯನ್ನು ಮೇಲಿನಿಂದ ಕೆಳಕ್ಕೆ ಎಳೆದು, ಚುಕ್ಕೆಯಿರಬೇಕಾದ ಕಡೆ 1 ಸೆಂ.ಮೀ. ಖಾಲಿ ಬಿಡಿ, 30 ಸೆಂ.ಮೀ. ದೂರದಲ್ಲಿ ತುಂಡಾದ ಗೆರೆ ಅಖಂಡವಾಗಿ ಕಾಣಿಸುತ್ತದೆ. ಆ ಜಾಗದಿಂದ ಯಾವ ಸುದ್ದಿಯೂ ಬಾರದಿರುವಾಗ ಮಿದುಳು ಸುತ್ತಲಿನ ಬಣ್ಣವನ್ನೂ ಗೆರೆಯ ದಿಕ್ಕನ್ನೂ ಆಧರಿಸಿ ಅದನ್ನು ಭರ್ತಿ ಮಾಡುತ್ತದೆ. ಆದರೆ ಈ ಜಾಣ್ಮೆಗೂ ಮಿತಿಯುಂಟು: ಚುಕ್ಕೆಯ ಜಾಗದಲ್ಲಿ 'ಮನೆ' ಎಂದು ಸಣ್ಣದಾಗಿ ಬರೆದರೆ ಅದು ಅಳಿಸಿಹೋಗುತ್ತದೆಯೇ ಹೊರತು, ಅದರ ಬದಲಿಗೆ ಬೇರೊಂದು ಪದವನ್ನು ಮಿದುಳು ಬರೆದುಕೊಡುವುದಿಲ್ಲ. ಇಡೀ ಪ್ರಯೋಗದಲ್ಲಿ ಗೆರೆಯ ಭಾಗವೇ ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸುತ್ತದೆ, ಏಕೆಂದರೆ ಅಲ್ಲಿ ಇದ್ದದ್ದು ಮರೆಯಾಗುವುದಲ್ಲ, ಇಲ್ಲದ್ದು ಕಾಣಿಸುವುದು.

ಕುರುಡು ಚುಕ್ಕೆಯ ಅಳತೆ ಬೇಕಿದ್ದರೆ ಹೊಸ ಹಾಳೆಯಲ್ಲಿ ಚಿಹ್ನೆಯೊಂದನ್ನೇ ಬರೆದು ಗೋಡೆಗೆ ಅಂಟಿಸಿ, ಕಣ್ಣು ಅದರಿಂದ 30 ಸೆಂ.ಮೀ. ದೂರದಲ್ಲಿರುವಂತೆ ಗದ್ದವನ್ನು ಪುಸ್ತಕಗಳ ಅಟ್ಟಿಯ ಮೇಲೆ ಊರಿಕೊಳ್ಳಿ. ಪೆನ್ಸಿಲ್ಲಿಗೆ ಬಿಳಿ ಕಾಗದ ಸುತ್ತಿ ಮೊನೆಯಷ್ಟೇ ಕಪ್ಪಾಗಿರಲಿ. ಚಿಹ್ನೆಯಿಂದ ಬಲಕ್ಕೆ ಮೊನೆಯನ್ನು ಸರಿಸುತ್ತಾ ಅದು ಮರೆಯಾಗುವ ಮತ್ತು ಮರಳಿ ಕಾಣುವ ಕಡೆಗಳಲ್ಲಿ ಗುರುತು ಹಾಕಿ, ಮೇಲಿನಿಂದ ಕೆಳಕ್ಕೂ ಹಾಗೆಯೇ ಮಾಡಿ ಗುರುತುಗಳನ್ನು ಕೂಡಿಸಿ. ಸುಮಾರು 3 ಸೆಂ.ಮೀ. ಅಗಲದ, ಅದಕ್ಕಿಂತ ಎತ್ತರವಾದ ಮೊಟ್ಟೆಯಾಕಾರ ದೊರೆಯುತ್ತದೆ. ಕೋನದ ಲೆಕ್ಕದಲ್ಲಿ ಆ ಅಗಲ ಐದೂವರೆ ಡಿಗ್ರಿಯಷ್ಟು. ಹುಣ್ಣಿಮೆಯ ಚಂದ್ರ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟೇ ಅಗಲವಾಗಿ ಕಾಣುವುದರಿಂದ, ಅಂಥ ಹತ್ತು ಚಂದ್ರರನ್ನು ಸಾಲಾಗಿ ಇಟ್ಟರೂ ಇದರೊಳಗೆ ಅಡಗುತ್ತಾರೆ.

ಎಡಗಣ್ಣಿಗೆ ಹಾಳೆಯನ್ನು ತಲೆಕೆಳಗು ಮಾಡಿದರಾಯಿತು. ಎರಡೂ ಕಣ್ಣು ತೆರೆದಾಗ ಒಂದರ ಕೊರತೆ ಇನ್ನೊಂದರ ನೋಟದೊಳಗೆ ಬೀಳುವುದರಿಂದ ಊಹೆಯ ಅಗತ್ಯವೇ ಬರುವುದಿಲ್ಲ.

ಇದು ಕಣ್ಣಿನ ತಪಾಸಣೆಗೆ ಬದಲಿಯಲ್ಲ. ಗ್ಲಾಕೋಮಾದಲ್ಲಿ ದೃಷ್ಟಿನರವು ಹಾನಿಗೊಂಡು ನೋಟದಲ್ಲಿ ಹೊಸ ಕೊರತೆಗಳುಂಟಾದಾಗಲೂ ಮಿದುಳು ಇದೇ ರೀತಿ ತೇಪೆ ಹಾಕುವುದರಿಂದ ರೋಗಿಗೆ ಬಹುಕಾಲ ಗೊತ್ತಾಗದಿರಬಹುದು. ಆದುದರಿಂದ ಪೆನ್ಸಿಲ್ ಮೊನೆ ಬೇರೆ ಕಡೆಯೂ ಮರೆಯಾದರೆ ನೇತ್ರತಜ್ಞರನ್ನು ಕಾಣಬೇಕು. ಅಲ್ಲಿ ಯಂತ್ರದಿಂದ ದೃಷ್ಟಿಕ್ಷೇತ್ರವನ್ನು ಅಳೆಯುವಾಗ ಕುರುಡು ಚುಕ್ಕೆಯೊಳಗೂ ಆಗಾಗ ಬೆಳಕಿನ ಬೊಟ್ಟು ಹಾಕುವ ಕ್ರಮವುಂಟು. ಅದು ಕಂಡಿತೆಂದು ರೋಗಿ ಗುಂಡಿ ಒತ್ತಿದರೆ, ದೃಷ್ಟಿ ನಡುವಿನಿಂದ ಸರಿದಿದೆಯೆಂದು ಯಂತ್ರ ಎಣಿಸಿಕೊಳ್ಳುತ್ತದೆ.