ಹತ್ತಿರದಿಂದ ದೂರಕ್ಕೆ: ಕಮಾಂಡ್ ಲೈನ್‌ನಲ್ಲಿ ನೆಟ್‌ವರ್ಕ್ ದೋಷ ಹುಡುಕುವ ಕ್ರಮ

ಬ್ರೌಸರ್‌ನಲ್ಲಿ ಪುಟ ತೆರೆಯುತ್ತಿಲ್ಲ ಎಂಬುದು ಲಕ್ಷಣ ಮಾತ್ರ. ಕೇಬಲ್ ಸಡಿಲವಾಗಿರಬಹುದು, ರೂಟರ್ ವಿಳಾಸ ಕೊಡದೇ ಇರಬಹುದು, ತಾಣದ ಹೆಸರು ಐಪಿ ವಿಳಾಸವಾಗಿ, ಅಂದರೆ ಯಂತ್ರವನ್ನು ಗುರುತಿಸುವ ಸಂಖ್ಯೆಯಾಗಿ, ಬದಲಾಗದೇ ಇರಬಹುದು ಅಥವಾ ಸರ್ವರ್‌ನಲ್ಲಿ ಸೇವೆಯೇ ನಿಂತಿರಬಹುದು. ನೋಡುವವರಿಗೆ ಎಲ್ಲವೂ ಒಂದೇ ರೀತಿ ಕಾಣುತ್ತವೆ. ಇವುಗಳನ್ನು ಬೇರ್ಪಡಿಸಲು ಆಪರೇಟಿಂಗ್ ಸಿಸ್ಟಂ ಜೊತೆಗೇ ಬರುವ ಬೆರಳೆಣಿಕೆಯ ಕಮಾಂಡ್‌ಗಳು ಬಹುತೇಕ ಸಾಕಾಗುತ್ತವೆ. ನಮ್ಮ ಯಂತ್ರದಿಂದ ಹೊರಟು ಒಂದೊಂದೇ ಹಂತ ದೂರ ಸಾಗಬೇಕು ಮತ್ತು ವಿಫಲವಾದ ಹಂತದಲ್ಲಿ ಯಾವ ಸಂದೇಶ ಬಂತೆಂಬುದನ್ನು ಅಕ್ಷರಶಃ ಓದಬೇಕು.

ಮೊದಲು ನಮ್ಮ ಯಂತ್ರಕ್ಕೆ ವಿಳಾಸ ಸಿಕ್ಕಿದೆಯೇ ಎಂದು ನೋಡಬೇಕು. ವಿಂಡೋಸ್‌ನಲ್ಲಿ ‘ಐಪಿಕಾನ್ಫಿಗ್ /ಆಲ್’, ಮ್ಯಾಕ್‌ನಲ್ಲಿ ‘ಐಎಫ್‌ಕಾನ್ಫಿಗ್’, ಲಿನಕ್ಸ್‌ನಲ್ಲಿ ‘ಐಪಿ ಅಡ್ರ್’ ಹಾಗೂ ‘ಐಪಿ ರೂಟ್’ ಕಮಾಂಡ್‌ಗಳು ಇದನ್ನು ತಿಳಿಸುತ್ತವೆ. ವಿಳಾಸವು 169.254 ಎಂದು ಆರಂಭವಾಗುತ್ತಿದ್ದರೆ, ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್‌ನಿಂದ ಉತ್ತರ ಬಾರದೆ ಯಂತ್ರವು ತಾನೇ ಒಂದು ವಿಳಾಸ ಹಾಕಿಕೊಂಡಿದೆ ಎಂದರ್ಥ. ಆಗ ಮುಂದಿನ ಯಾವ ಪರೀಕ್ಷೆಯೂ ವ್ಯರ್ಥ. ಕೇಬಲ್, ವೈ-ಫೈ, ರೂಟರ್ ಇಷ್ಟನ್ನೇ ಪರಿಶೀಲಿಸಬೇಕು.

ವಿಳಾಸ ಸರಿಯಿದ್ದರೆ ಗೇಟ್‌ವೇ ವಿಳಾಸಕ್ಕೂ (ಹೊರಜಾಲಕ್ಕೆ ದಾರಿಯಾದ ರೂಟರ್‌ನ ವಿಳಾಸ; ವಿಂಡೋಸ್, ಲಿನಕ್ಸ್‌ನಲ್ಲಿ ಅದೇ ಪಟ್ಟಿಯಲ್ಲಿರುತ್ತದೆ, ಮ್ಯಾಕ್‌ನಲ್ಲಿ ‘ನೆಟ್‌ಸ್ಟಾಟ್ -ಆರ್‌ಎನ್’ ತೋರಿಸುತ್ತದೆ), ಅನಂತರ 1.1.1.1 ಅಥವಾ 8.8.8.8ರಂತಹ ಹೊರಗಿನ ವಿಳಾಸಕ್ಕೂ ‘ಪಿಂಗ್’ ಮಾಡಬೇಕು, ಅಂದರೆ ದತ್ತಾಂಶದ ಪುಟ್ಟ ತುಣುಕನ್ನು (ಪ್ಯಾಕೆಟ್) ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡಬೇಕು. ವಿಂಡೋಸ್ 4 ಪ್ಯಾಕೆಟ್ ಕಳಿಸಿ ನಿಲ್ಲುತ್ತದೆ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಕಂಟ್ರೋಲ್-ಸಿ ಒತ್ತುವವರೆಗೂ ಅದು ನಡೆಯುತ್ತಲೇ ಇರುತ್ತದೆ. ಇಲ್ಲಿ ಎರಡು ಬಗೆಯ ವೈಫಲ್ಯಗಳನ್ನು ಒಂದೇ ಎಂದು ಭಾವಿಸಬಾರದು. ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದರೆ ಪ್ಯಾಕೆಟ್ ಹೊರಟಿತು, ಉತ್ತರ ಬರಲಿಲ್ಲ ಎಂದಷ್ಟೇ. ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಎಂಬ ಸಂದೇಶವು ನಮ್ಮದೇ ಐಪಿ ವಿಳಾಸದಿಂದ ಬಂದಿದ್ದರೆ, ಸಾಮಾನ್ಯವಾಗಿ ಪ್ಯಾಕೆಟ್ ಯಂತ್ರದಿಂದ ಹೊರಟೇ ಇಲ್ಲ: ಪಕ್ಕದ ಯಂತ್ರದ ಹಾರ್ಡ್‌ವೇರ್ ವಿಳಾಸ ಕೇಳಿದ ಎಆರ್‌ಪಿ ಪ್ರಶ್ನೆಗೇ ಉತ್ತರ ಸಿಕ್ಕಿಲ್ಲ. ವಿಂಡೋಸ್ ಈ ಸಂದೇಶವನ್ನೂ ಬಂದ ಉತ್ತರವೆಂದೇ ಲೆಕ್ಕ ಹಾಕಿ, ಕೊನೆಯಲ್ಲಿ ನಷ್ಟ 0% ಎಂದು ತೋರಿಸುವುದುಂಟು. ಆದ್ದರಿಂದ ಕೊನೆಯ ಸಾಲನ್ನಷ್ಟೇ ನೋಡಿ ತೀರ್ಮಾನಕ್ಕೆ ಬರುವುದು ಅಪಾಯಕರ. ಇನ್ನು, ಅನೇಕ ಸರ್ವರ್‌ಗಳು ಪಿಂಗ್‌ಗೆ ಉತ್ತರಿಸದಂತೆ ಫೈರ್‌ವಾಲ್ ಇಟ್ಟಿರುತ್ತವೆ. ಉತ್ತರವಿಲ್ಲ ಎಂದಮಾತ್ರಕ್ಕೆ ಸರ್ವರ್ ಸತ್ತಿದೆ ಎನ್ನಲಾಗದು.

8.8.8.8ರಿಂದ ಉತ್ತರ ಬರುತ್ತಿದ್ದು, ಹೆಸರು ಬರೆದಾಗ ಮಾತ್ರ ವಿಫಲವಾದರೆ ಸಂಶಯ ಹೆಸರನ್ನು ಐಪಿ ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ವ್ಯವಸ್ಥೆಯ ಮೇಲೆ. ‘ಎನ್‌ಎಸ್‌ಲುಕಪ್’ ಮುಂದೆ ತಾಣದ ಹೆಸರನ್ನು ಬರೆದು ಒಮ್ಮೆ, ಅದರ ಮುಂದೆ 8.8.8.8 (ಇದೂ ಒಂದು ಡಿಎನ್‌ಎಸ್ ಸರ್ವರ್) ಸೇರಿಸಿ ಇನ್ನೊಮ್ಮೆ ಕೇಳಬೇಕು. ಎರಡನೆಯದಕ್ಕೆ ಮಾತ್ರ ಉತ್ತರ ಬಂದರೆ ನಾವು ಬಳಸುತ್ತಿರುವ ಡಿಎನ್‌ಎಸ್ ಸರ್ವರ್‌ನಲ್ಲೇ ತೊಂದರೆಯಿದೆ. ‘ಎನ್‌ಎಕ್ಸ್‌ಡೊಮೈನ್’ ಎಂಬ ಉತ್ತರ ಬಂದರೆ ಅಂತಹ ಹೆಸರೇ ಇಲ್ಲವೆಂದು ಸರ್ವರ್ ಸ್ಪಷ್ಟವಾಗಿ ಹೇಳಿದಂತೆ. ಹೆಸರಿನ ಕಾಗುಣಿತವನ್ನು ಮತ್ತೊಮ್ಮೆ ನೋಡುವುದು ಒಳಿತು. ಎನ್‌ಎಸ್‌ಲುಕಪ್ ಸರಿಯಾದ ವಿಳಾಸ ತೋರಿಸುತ್ತಿದ್ದರೂ ಪಿಂಗ್ ಬೇರೆಲ್ಲೋ ಹೋಗುತ್ತಿದ್ದರೆ, ಹೆಸರು-ವಿಳಾಸಗಳನ್ನು ನಮ್ಮ ಯಂತ್ರದಲ್ಲೇ ಬರೆದಿಡುವ ಹೋಸ್ಟ್ಸ್ ಫೈಲ್‌ನಲ್ಲಿ ಯಾರೋ ಎಂದೋ ಬರೆದಿಟ್ಟ ಸಾಲನ್ನು ಹುಡುಕಬೇಕು, ಏಕೆಂದರೆ ಎನ್‌ಎಸ್‌ಲುಕಪ್ ಆ ಫೈಲನ್ನು ಓದದೆ ನೇರವಾಗಿ ಡಿಎನ್‌ಎಸ್ ಸರ್ವರನ್ನೇ ಕೇಳುತ್ತದೆ. ಯಂತ್ರ ನೆನಪಿಟ್ಟುಕೊಂಡ ಹಳೆಯ ಉತ್ತರಗಳು (ಕ್ಯಾಶ್) ಕೂಡ ಇದೇ ಗೊಂದಲ ಮಾಡಬಲ್ಲವು. ವಿಂಡೋಸ್‌ನಲ್ಲಿ ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’ ಅವನ್ನು ಅಳಿಸುತ್ತದೆ.

ದಾರಿಯಲ್ಲಿ ಎಲ್ಲಿ ನಿಂತಿತೆಂದು ತಿಳಿಯಲು ‘ಟ್ರೇಸ್‌ರೂಟ್’ ಇದೆ. ವಿಂಡೋಸ್‌ನಲ್ಲಿ ಅದರ ಹೆಸರು ‘ಟ್ರೇಸರ್ಟ್’. ಪ್ರತಿ ಪ್ಯಾಕೆಟ್‌ನಲ್ಲೂ ಟಿಟಿಎಲ್ ಎಂಬ ಸಂಖ್ಯೆಯಿರುತ್ತದೆ, ಅದು ಪ್ರತಿ ರೂಟರ್‌ನಲ್ಲಿ ಒಂದೊಂದೇ ಕಡಿಮೆಯಾಗುತ್ತದೆ ಮತ್ತು ಸೊನ್ನೆಗೆ ಇಳಿಸಿದ ರೂಟರ್ ಪ್ಯಾಕೆಟನ್ನು ಬಿಸುಟು ಕಳಿಸಿದವರಿಗೆ ಸೂಚನೆ ನೀಡುತ್ತದೆ. ಈ ಕಮಾಂಡ್ ಟಿಟಿಎಲ್ ಅನ್ನು 1, 2, 3 ಎಂದು ಏರಿಸುತ್ತಾ ಹೋಗಿ ಒಂದೊಂದು ರೂಟರ್‌ನಿಂದಲೂ ಆ ಸೂಚನೆಯನ್ನು ಪಡೆಯುತ್ತದೆ. ಮಧ್ಯದಲ್ಲಿ ನಕ್ಷತ್ರ ಚಿಹ್ನೆಗಳು (ಉತ್ತರ ಬಂದಿಲ್ಲ ಎಂಬ ಗುರುತು) ಕಂಡೊಡನೆ ಅಲ್ಲೇ ದೋಷವಿದೆ ಎಂದು ನಿರ್ಧರಿಸುವುದು ಬಹಳ ಸಾಮಾನ್ಯವಾದ ತಪ್ಪು. ಕೆಲವು ರೂಟರ್‌ಗಳು ಸೂಚನೆ ಕಳಿಸುವುದೇ ಇಲ್ಲ, ಕೆಲವು ಮಿತವಾಗಿ ಕಳಿಸುತ್ತವೆ, ಆದರೂ ಪ್ಯಾಕೆಟ್‌ಗಳನ್ನು ಮುಂದಕ್ಕೆ ಸಾಗಿಸುತ್ತಿರುತ್ತವೆ. ಮುಂದಿನ ಸಾಲುಗಳಲ್ಲಿ ಮತ್ತೆ ಉತ್ತರ ಬಂದಿದ್ದರೆ ಆ ನಕ್ಷತ್ರಗಳನ್ನು ಮರೆತುಬಿಡಬಹುದು. ಒಂದು ಸಾಲಿನಿಂದ ಕೊನೆಯವರೆಗೂ ನಕ್ಷತ್ರಗಳೇ ಇದ್ದರೆ ಮಾತ್ರ ಯೋಚಿಸಬೇಕು.

ಯಂತ್ರ ಸಿಗುತ್ತಿದೆ, ಸೇವೆ ಸಿಗುತ್ತಿಲ್ಲ ಎಂದಾದರೆ ಪೋರ್ಟನ್ನು, ಅಂದರೆ ಯಂತ್ರದಲ್ಲಿ ಆ ಸೇವೆಗೆ ಮೀಸಲಾದ ಬಾಗಿಲಿನ ಸಂಖ್ಯೆಯನ್ನು, ಪರೀಕ್ಷಿಸಬೇಕು. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ‘ಎನ್‌ಸಿ -ವಿ -ಝಡ್’ ಮುಂದೆ ಹೆಸರು ಹಾಗೂ 443 (ಸುರಕ್ಷಿತ ವೆಬ್ ತಾಣಗಳ ಪೋರ್ಟ್) ಎಂದು ಬರೆಯಬೇಕು. ಪವರ್‌ಶೆಲ್‌ನಲ್ಲಿ ‘ಟೆಸ್ಟ್-ನೆಟ್‌ಕನೆಕ್ಷನ್’ ಮುಂದೆ ಹೆಸರು, ‘-ಪೋರ್ಟ್ 443’ ಎಂದು ಬರೆಯಬೇಕು. ‘ಕನೆಕ್ಷನ್ ರೆಫ್ಯೂಸ್ಡ್’ ಎಂಬ ಉತ್ತರ ತಕ್ಷಣ ಬಂದರೆ ಅದು ಒಂದರ್ಥದಲ್ಲಿ ಶುಭ ಸುದ್ದಿ: ದಾರಿ ಸರಿಯಿದೆ, ಹೆಚ್ಚಾಗಿ ಆ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುವ ಪ್ರೋಗ್ರಾಂ ಇಲ್ಲ. ಬಹಳ ಹೊತ್ತು ಕಾದು ಟೈಮ್ಔಟ್ ಆದರೆ ನಡುವೆ ಫೈರ್‌ವಾಲ್ ಪ್ಯಾಕೆಟನ್ನು ಸದ್ದಿಲ್ಲದೆ ನುಂಗುತ್ತಿರುವ ಸಾಧ್ಯತೆಯೇ ಹೆಚ್ಚು. ಸರ್ವರ್ ನಮ್ಮದೇ ಆಗಿದ್ದು ಅದು ಲಿನಕ್ಸ್ ಆಗಿದ್ದರೆ, ‘ಎಸ್‌ಎಸ್ -ಟಿಎಲ್‌ಎನ್’ ಪಟ್ಟಿಯಲ್ಲಿ ಪೋರ್ಟ್‌ನ ಹಿಂದಿರುವ ವಿಳಾಸವನ್ನು ಗಮನಿಸಬೇಕು. ಅಲ್ಲಿ 127.0.0.1 ಎಂದಿದ್ದರೆ ಆ ಸೇವೆ ಅದೇ ಯಂತ್ರದೊಳಗಿನಿಂದ ಮಾತ್ರ ಸಿಗುತ್ತದೆ; 0.0.0.0 ಎಂದಿದ್ದರೆ ಯಂತ್ರದ ಎಲ್ಲ ಐಪಿವಿ4 ವಿಳಾಸಗಳಲ್ಲೂ ಲಭ್ಯ.

ಇಷ್ಟೆಲ್ಲ ಸರಿಯಿದ್ದೂ ಸಣ್ಣ ಪುಟಗಳು ತೆರೆದು ದೊಡ್ಡವು ಅರ್ಧಕ್ಕೇ ನಿಲ್ಲುತ್ತಿದ್ದರೆ, ವಿಶೇಷವಾಗಿ ವಿಪಿಎನ್ ಬಳಸುವಾಗ, ಎಂಟಿಯು, ಅಂದರೆ ಒಂದೇ ತುಣುಕಾಗಿ ಸಾಗಬಲ್ಲ ಪ್ಯಾಕೆಟ್‌ನ ಗರಿಷ್ಠ ಗಾತ್ರ, ಅಳೆಯಬೇಕು. ವಿಂಡೋಸ್‌ನಲ್ಲಿ ‘ಪಿಂಗ್ -ಎಫ್ -ಎಲ್ 1472’, ಲಿನಕ್ಸ್‌ನಲ್ಲಿ ‘ಪಿಂಗ್ -ಎಂ ಡು -ಎಸ್ 1472’ ಎಂದು ಬರೆದು ಮುಂದೆ ವಿಳಾಸ ಕೊಟ್ಟರೆ ಪ್ಯಾಕೆಟನ್ನು ತುಂಡು ಮಾಡದೆ ಕಳಿಸಬೇಕೆಂಬ ಷರತ್ತು ಅನ್ವಯವಾಗುತ್ತದೆ (ಲಿನಕ್ಸ್‌ನಲ್ಲಿ ಎಂ ದೊಡ್ಡಕ್ಷರ, ಎಸ್ ಸಣ್ಣಕ್ಷರ). 1472ಕ್ಕೆ ಐಸಿಎಂಪಿಯ (ಪಿಂಗ್ ಬಳಸುವ ನಿಯಮಾವಳಿ) 8 ಮತ್ತು ಐಪಿಯ 20 ಬೈಟ್ ಹೆಡರ್‌ಗಳು ಸೇರಿ ಈಥರ್ನೆಟ್‌ನ 1500 ಆಗುತ್ತದೆ. ಅದು ಹೋಗದಿದ್ದರೆ ಸಂಖ್ಯೆಯನ್ನು ಇಳಿಸುತ್ತಾ ಬರಬೇಕು. 1464ರಲ್ಲಿ ಉತ್ತರ ಬಂದರೆ ಎಂಟಿಯು 1492, ಅಂದರೆ ಪಿಪಿಪಿಒಇ ಸಂಪರ್ಕದ (ಹಲವು ಬ್ರಾಡ್‌ಬ್ಯಾಂಡ್‌ಗಳು ಬಳಸುವ ವಿಧಾನ) ರೂಢಿಯ ಅಳತೆ. ಸಿಕ್ಕ ಸಂಖ್ಯೆಗೆ 28 ಕೂಡಿಸಿ ರೂಟರ್ ಅಥವಾ ವಿಪಿಎನ್ ಸೆಟ್ಟಿಂಗ್‌ನಲ್ಲಿ ನಮೂದಿಸಿದ ಬಳಿಕ ಅದೇ ದೊಡ್ಡ ಪುಟವನ್ನು ಮತ್ತೆ ತೆರೆದು ಪರೀಕ್ಷಿಸಬೇಕು.